ತಂಗಿಯ ಕಾರಿಗೆ ಕ್ಯಾಮ್ ಆರಿಸಿದ್ದು

ಕ್ಯಾಮ್‌ಶಾಫ್ಟನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊಳದುದ್ದದ ಒಂದು ಕಬ್ಬಿಣದ ದಂಡ, ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳು, ಅಷ್ಟೇ. ದಂಡ ತಿರುಗಿದಾಗ ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ಒತ್ತಿ ತೆರೆಯುತ್ತದೆ, ಉಬ್ಬು ದಾಟಿದ ಮೇಲೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಗಾಳಿ ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಇನ್ನೊಂದು. ಜೋರಾಗಿ ಓಡುವ ಇಂಜಿನ್ನಿನಲ್ಲಿ ಈ ಬಾಗಿಲುಗಳು ಸೆಕೆಂಡಿಗೆ ಐವತ್ತು ಸಲ ತೆರೆದು ಮುಚ್ಚುತ್ತವೆ. ಐವತ್ತು ಸಲ! ನಮ್ಮ ಮನೆಯ ಬಾಗಿಲನ್ನು ದಿನಕ್ಕೆ ಐವತ್ತು ಸಲ ಎಳೆದಾಡಿದರೆ ವರ್ಷದೊಳಗೆ ಕೀಲು ಕಳಚಿ ಕೈಗೆ ಬರುತ್ತದೆ. ಇಷ್ಟು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವನಿಗೆ ಇದೆಲ್ಲ ಮಾಮೂಲಾಗಬೇಕಿತ್ತು. ಆಗಿಲ್ಲ.

ಚಾಮರಾಜನಗರದಲ್ಲಿ ನನ್ನದೊಂದು ಶೆಡ್ ಇದೆ. ಬರುವುದು ಹೆಚ್ಚಾಗಿ ಟ್ರ್ಯಾಕ್ಟರು, ಗೂಡ್ಸ್ ಆಟೊ. ಮನೆ, ಜಮೀನು ಎರಡೂ ತೆರಕಣಾಂಬಿಯಲ್ಲಿ. ತಂಗಿಗೆ ಗುಂಡ್ಲುಪೇಟೆಯ ಅಂಚೆ ಕಚೇರಿಯಲ್ಲಿ ಕೆಲಸ. ವಾರವಿಡೀ ಕಾಗದಗಳಿಗೆ ಮುದ್ರೆ ಒತ್ತುವ ಈ ಹುಡುಗಿ ಭಾನುವಾರ ಎಲ್ಲಾದರೂ ಮಣ್ಣಿನ ಟ್ರ್ಯಾಕಿನ ರೇಸ್ ಇದೆ ಎಂದರೆ ಹೆಲ್ಮೆಟ್ ಹಾಕಿಕೊಂಡು ತನ್ನ ಹಳೆಯ ಪುಟ್ಟ ಕಾರಿನೊಂದಿಗೆ ಹಾಜರಾಗುತ್ತಿದ್ದಳು. ಎರಡು ಸಲ ಓಡಿಸಿದ್ದಳು, ಎರಡು ಸಲವೂ ಕೊನೆಯವಳಾಗಿ ಬಂದಿದ್ದಳು. ಓಡಿಸುವುದರಲ್ಲಿ ಅವಳಿಗೆ ಕೊರತೆ ಇರಲಿಲ್ಲ, ಕಾರಿಗೇ ದಮ್ಮಿರಲಿಲ್ಲ.

ಅಪ್ಪನಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ. ಎರಡನೆಯ ಸಲ ಸೋತು ಬಂದ ಮಾರನೆಯ ದಿನ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟರು.

"ನೋಡಮ್ಮಿ, ಇನ್ನೊಂದೇ ಒಂದ್ಸಲ ಓಗು. ಅದ್ರಲ್ಲೂ ಕಡೇಲಿ ಬಂದ್ರೆ ಕಾರು ಮಾರ್ಬುಡನ. ಆಮೇಕೆ ಇದ್ರ ಸುದ್ದಿ ಎತ್ಬಾರ್ದು."

"ಆಯ್ತಪ್ಪ," ಎಂದಳು ತಂಗಿ. ನಮ್ಮ ಮನೆಯಲ್ಲಿ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ರೂಢಿಯಿಲ್ಲ. ಒಳಗೆ ಬಂದು ನನ್ನ ಮುಂದೆ ನಿಂತು, "ಅಣ್ಣ, ಏನಾರ ಮಾಡು," ಎಂದಳು.

ಏನಾದರೂ ಮಾಡುವುದರಲ್ಲಿ ನಾನು ಎತ್ತಿದ ಕೈ. ಗುಜರಿಗೆ ಹೋಗಿದ್ದ ಡೀಸೆಲ್ ಕಾರೊಂದರಿಂದ ಟರ್ಬೊ ಬಿಚ್ಚಿ ತಂದು ಅವಳ ಕಾರಿಗೆ ಕೂರಿಸಿದೆ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಟರ್ಬೊದ ಒಂದು ಚಕ್ರ ತಿರುಗುತ್ತದೆ, ಅದರ ಜೊತೆಯ ಇನ್ನೊಂದು ಚಕ್ರ ಗಾಳಿಯನ್ನು ಇಂಜಿನ್ನಿನೊಳಕ್ಕೆ ತುರುಕುತ್ತದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ದೊಡ್ಡ ರೇಸುಗಳ ಕಾರುಗಳಿಗೆ ಹಾಕುವಂಥ ಕ್ಯಾಮ್‌ಗಳೂ ಬೇಕೆಂದು ನನಗೆ ಹಟ ಹತ್ತಿತು. ಅವುಗಳ ಉಬ್ಬು ದಪ್ಪ, ವಾಲ್ವುಗಳನ್ನು ಬಹಳ ಹೊತ್ತು ತೆರೆದು ಹಿಡಿಯುತ್ತವೆ. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಹೆಚ್ಚು ಗಾಳಿ, ಹೆಚ್ಚು ಗಾಳಿಯಾದರೆ ಹೆಚ್ಚು ಶಕ್ತಿ, ಇದು ನನ್ನ ಲೆಕ್ಕ. ಕೊಯಮತ್ತೂರಿನಲ್ಲಿ ಕ್ಯಾಮ್ ಉಜ್ಜಿಕೊಡುವ ಮುದುಕ ಫೋನಿನಲ್ಲೇ ಎಚ್ಚರಿಸಿದ: "ಟರ್ಬೊಗೆ ಇಷ್ಟು ಪೆರಿಸು ವೇಂಡಾಂ ಸಾರ್." ಇಷ್ಟು ದೊಡ್ಡದು ಬೇಡವಂತೆ! ನನಗೇ ಪಾಠ ಹೇಳುತ್ತಾನಲ್ಲ ಎಂದು ಸಿಟ್ಟು ಬಂತು. ಹೇಳಿದಷ್ಟು ಮಾಡಿ ಕಳಿಸು ಎಂದೆ, ಪಾಪ, ಕಳಿಸಿದ.

ಕೂರಿಸಿ ಸ್ಟಾರ್ಟ್ ಮಾಡಿದಾಗ ಶೆಡ್ಡಿನ ತಗಡು ಅದುರಿತು. ನಿಂತಲ್ಲೇ ಗುಡುಗುಡು ಎಂದು ಕುಂಟುತ್ತ ಗುಟುರು ಹಾಕುವ ಆ ಸದ್ದಿಗೆ ಎದುರಿನ ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡೇ ಎದ್ದು ಬಂದರು. ನನಗೆ ನೆಲ ಕಾಣಿಸುತ್ತಿರಲಿಲ್ಲ. ಊರಿಗೆ ಸಾಗಿಸಿ, ಕಟಾವಾಗಿ ಬಿದ್ದಿದ್ದ ನಮ್ಮ ಮೇಲಿನ ಹೊಲದಲ್ಲಿ ಓಡಿಸಿ ನೋಡಲು ತಂಗಿಗೆ ಕೊಟ್ಟೆ. ಎರಡು ಸುತ್ತು ಹೊಡೆದು ಬಂದು ಇಳಿದಳು.

"ಅಣ್ಣ, ಇದ್ಕೆ ಉಸ್ರೇ ಇಲ್ಲ. ಸದ್ದು ಮಾತ್ರ. ಮೊದ್ಲಿಗಿಂತ ಮಂಕಾಗ್ಬುಟ್ಟದೆ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದುಬಿಟ್ಟೆ.

ಅವಳು ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಮನೆಗೆ ನಡೆದಳು. ಆಮೇಲೆ ನಾನೇ ಓಡಿಸಿ ನೋಡಿದೆ. ಅವಳು ಹೇಳಿದ್ದು ನಿಜ. ಒತ್ತಡ ತೋರಿಸುವ ಮುಳ್ಳು ಮೇಲೇಳುವಷ್ಟರಲ್ಲಿ ಹೊಲವೇ ಮುಗಿಯುತ್ತಿತ್ತು. ಟರ್ಬೊದ ಹತ್ತಿರದ ಪೈಪು ಕೆಂಡದಂತೆ ಕಾಯುತ್ತಿತ್ತು. ಪ್ಲಗ್ ಬದಲಿಸಿದೆ, ಪೆಟ್ರೋಲ್ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಕಾರಿನ ಸ್ಥಿತಿ ಅದಾಗಿತ್ತು. ಕ್ಯಾಮಿನ ಮೇಲೆ ಮಾತ್ರ ನನಗೆ ಅನುಮಾನವೇ ಬರಲಿಲ್ಲ. ಬಂದಿದ್ದರೆ ಆರಿಸಿದವನ ಮೇಲೂ ಬರಬೇಕಾಗುತ್ತಿತ್ತಲ್ಲ! ರೇಸಿಗೆ ನಾಲ್ಕು ದಿನ ಉಳಿದಿತ್ತು.

ಆ ಬುಧವಾರ ಬೆಳಿಗ್ಗೆ ಅಪ್ಪ, "ಕರೆಂಟು ಬಂದದೆ, ಅರಿಶಿಣಕ್ಕೆ ನೀರು ಕಟ್ಟೋಗು," ಎಂದು ಅಟ್ಟಿದರು. ಸನಿಕೆ ಹಿಡಿದು ಹೋದೆ. ಕೆಲಸ ಸುಲಭದ್ದು. ಕಾಲುವೆಯಿಂದ ಒಂದು ಪಾತಿಗೆ ನೀರು ಬಿಟ್ಟು, ಅದು ತುಂಬಿದ ಮೇಲೆ ಅದರ ಬಾಯಿಗೆ ಮಣ್ಣೆಳೆದು ಮುಚ್ಚಿ, ಮುಂದಿನ ಪಾತಿಯ ಬಾಯಿ ತೆಗೆಯಬೇಕು. ನನ್ನ ತಲೆಯೆಲ್ಲ ಕಾರಿನಲ್ಲಿತ್ತು. ಮುಂದಿನದರ ಬಾಯಿ ಮೊದಲು ತೆಗೆದುಬಿಡುತ್ತಿದ್ದೆ, ಹಿಂದಿನದನ್ನು ನೆನಪಾದಾಗ ಮುಚ್ಚುತ್ತಿದ್ದೆ.

"ಏನ್ಲಾ ಮಾಡ್ಬುಟ್ಟೆ!" ಬದುವಿನ ಮೇಲಿನಿಂದ ಅಪ್ಪನ ಕೂಗು.

ನೋಡಿದೆ. ತುಂಬಿ ನಿಂತಿದ್ದ ಪಾತಿಯ ನೀರು ಕೆಸರು ಕೆಸರಾಗಿ ಕಾಲುವೆಗೇ ಹಿಂದಕ್ಕೆ ನುಗ್ಗುತ್ತಿತ್ತು. ಹೊಸ ಪಾತಿಗೆ ತಿಳಿನೀರಿನ ಬದಲು ಆ ರಾಡಿಯೇ ಹೋಗುತ್ತಿತ್ತು.

ಅಪ್ಪ ಸನಿಕೆ ಕಿತ್ತುಕೊಂಡರು. "ಆಗ ಕೆರೆ ನೀರು ಸಣ್ಣಗೆ ಬರೋದು, ಒಂದು ಗಳಿಗೆ ಎರಡು ಬಾಯೂ ತೆಗ್ದಿದ್ರೆ ನಡೆಯೋದು. ಈಗ ಮೋಟ್ರು ನೂಕ್ತದೆ. ನೂಕಿಸ್ಕೊಂಡು ತುಂಬಿರೋದು ಸುಮ್ನೆ ಕೂತದಾ? ದಾರಿ ಸಿಕ್ರೆ ಇಂದಕ್ಕೇ ನುಗ್ತದೆ. ಒಂದು ಬಾಯಿ ಮುಚ್ಬುಟ್ಟು ಇನ್ನೊಂದು ತೆಗೀಬೇಕು ಕಣ್ಲಾ. ಇಷ್ಟೂ ಗೊತ್ತಿಲ್ವಾ ನಿಂಗೆ?"

ನಾನು ಕೆಸರಿನಲ್ಲಿ ಕಾಲು ಹೂತುಕೊಂಡು ಹಾಗೇ ನಿಂತೆ. ಗೊತ್ತಿರಲಿಲ್ಲ. ಇಂಜಿನ್ನಿನಲ್ಲೂ ಎರಡೂ ಬಾಗಿಲು ತೆರೆದಿರುವ ಒಂದು ಗಳಿಗೆ ಇರುತ್ತದೆ. ಹೊಗೆಯ ಬಾಗಿಲು ಇನ್ನೂ ಮುಚ್ಚಿಲ್ಲ, ಗಾಳಿಯದು ಆಗಲೇ ತೆರೆದಿದೆ. ಟರ್ಬೊ ಇಲ್ಲದ ಕಾರಿನಲ್ಲಿ ಆ ಗಳಿಗೆ ಉದ್ದವಾಗಿದ್ದರೆ ಒಳ್ಳೆಯದೇ, ಹೊರಗೋಡುವ ಹೊಗೆ ಹೊಸ ಗಾಳಿಯನ್ನು ತನ್ನ ಹಿಂದೆ ಸೆಳೆದುಕೊಳ್ಳುತ್ತದೆ. ಟರ್ಬೊ ಹಾಕಿದರೆ ಹೊಗೆಯ ದಾರಿಗೆ ಚಕ್ರ ಅಡ್ಡ ನಿಲ್ಲುತ್ತದೆ. ಹೊಗೆ ತುಂಬಿದ ಪಾತಿಯಂತೆ ಒತ್ತಿಕೊಂಡು ಕಾಯುತ್ತಿರುತ್ತದೆ. ನನ್ನ ದೊಡ್ಡ ಕ್ಯಾಮ್ ಎರಡೂ ಬಾಗಿಲನ್ನು ಅಷ್ಟು ಹೊತ್ತು ತೆರೆದಿಟ್ಟು ಆ ಹೊಗೆಯನ್ನೇ ಒಳಕ್ಕೆ ಕರೆಯುತ್ತಿತ್ತು. ಕಾರು ತನ್ನ ಹೊಗೆಯನ್ನು ತಾನೇ ಉಸಿರಾಡುತ್ತಿತ್ತು. ಒಂದು ದಿನವೂ ಬಾನೆಟ್ ಎತ್ತಿ ನೋಡದ ಮನುಷ್ಯ ಇದನ್ನು ಮೂವತ್ತು ವರ್ಷದಿಂದ ಸನಿಕೆಯಲ್ಲಿ ಮಾಡುತ್ತ ಬಂದಿದ್ದಾರೆ! ನನಗೆ ಅಪ್ಪನ ಕಾಲಿಗೆ ಬೀಳಬೇಕೆನ್ನಿಸಿತು. ಬಿದ್ದಿದ್ದರೆ ಬುದ್ಧಿ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು, ಅದಕ್ಕೇ ಬೀಳಲಿಲ್ಲ.

ಆ ಸಂಜೆ ತಂಗಿ ಕೆಲಸ ಮುಗಿಸಿ ಬಂದಾಗ ಹೇಳಿದೆ: "ನೆಲ ಡೊಂಕಿತ್ತು ಕಣಮ್ಮಿ. ಆ ದೊಡ್ಡ ಕ್ಯಾಮ್ ಹಾಕಿ ಡೊಂಕು ಮಾಡಿದ್ದು ನಾನೇ. ತಪ್ಪಾಯ್ತು."

ಅವಳು ನಕ್ಕು, "ಈಗ ಯಾವ ಕ್ಯಾಮ್ ಹಾಕ್ತೀಯ?" ಎಂದಳು.

ಕಂಪನಿಯಿಂದ ಕಾರಿನ ಜೊತೆಗೇ ಬಂದಿದ್ದ ಹಳೆಯ ಜೋಡಿ, ಗಾಳಿಗೊಂದು ಹೊಗೆಗೊಂದು, ಆ ಮಧ್ಯಾಹ್ನ ಶೆಡ್ಡಿನಿಂದ ತಂದ ಗೋಣಿಚೀಲದಲ್ಲಿತ್ತು. ಸಣ್ಣ ಉಬ್ಬು, ಸಾಧು ಪ್ರಾಣಿಗಳು. ನಾನು ಕೈಯಾರೆ ಬಿಚ್ಚಿ ಮೂಲೆಗೆಸೆದಿದ್ದೆ. ಒಂದೊಂದನ್ನೇ ಒರೆಸಿ ಅವಳಿಗೆ ತೋರಿಸಿದೆ. ಈ ಸಲ ಆರಿಸುವ ಹಕ್ಕು ಅವಳದು ಎಂದೆ. ಕಾರಿನಿಂದ ನಾನು ಬಿಚ್ಚಿಟ್ಟಿದ್ದ ದೊಡ್ಡ ಜೋಡಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು, ಉಬ್ಬುಗಳ ಮೇಲೆ ಬೆರಳಾಡಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣದನ್ನು ನನ್ನ ಕಡೆ ಸರಿಸಿದಳು. ಹೊಗೆಯ ಕ್ಯಾಮ್ ತುಸು ಬೇಗ ಮುಚ್ಚುವಂತೆ, ಗಾಳಿಯದು ತುಸು ತಡವಾಗಿ ತೆರೆಯುವಂತೆ ಅವುಗಳ ಹಲ್ಲುಚಕ್ರಗಳನ್ನು ಕೂದಲೆಳೆಯಷ್ಟು ತಿರುಗಿಸಿ ಬಿಗಿದೆವು.

ಸ್ಟಾರ್ಟ್ ಮಾಡಿದರೆ ಹೊಲಿಗೆ ಯಂತ್ರದಷ್ಟೇ ಸದ್ದು. ಶೆಡ್ಡಿನೆದುರಿನ ಟೀ ಅಂಗಡಿಯವರು ಕೇಳಿದ್ದರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಆದರೆ ಹೊಲದಲ್ಲಿ ಅವಳು ಪೆಡಲ್ ಒತ್ತಿದಳು ನೋಡಿ, ಕಾರು ಹಿಂದಿನಿಂದ ಯಾರೋ ಎತ್ತಿ ಒಗೆದಂತೆ ಹಾರಿತು. ಮಣ್ಣು ಚೆಲ್ಲಿ ನನ್ನ ಬಾಯಿಗೆಲ್ಲ ಬಿತ್ತು. ಅದೇ ಇಂಜಿನ್ನು, ಅದೇ ಟರ್ಬೊ. ಎರಡು ಬಾಗಿಲು ಒಟ್ಟಿಗೆ ತೆರೆದಿರುವ, ಲೆಕ್ಕಕ್ಕೂ ಸಿಗದಷ್ಟು ಸಣ್ಣ ಗಳಿಗೆಯೊಂದನ್ನು ಇನ್ನಷ್ಟು ಸಣ್ಣದು ಮಾಡಿದ್ದೆವು, ಅಷ್ಟೇ. ಅಷ್ಟಕ್ಕೇ ಹೀಗೆ ಹಾರುತ್ತದಲ್ಲ ಎಂದು ಮಣ್ಣು ಉಗುಳುವುದನ್ನೂ ಮರೆತು ನಿಂತಿದ್ದೆ.

ಭಾನುವಾರ ಬೇಗೂರಿನ ಹತ್ತಿರ ರೇಸ್. ಅಪ್ಪ ಬರುವುದಿಲ್ಲವೆಂದವರು ಬೆಳಿಗ್ಗೆ ಪಂಚೆ ಬದಲಿಸಿ ಗಾಡಿಯ ಪಕ್ಕ ನಿಂತಿದ್ದರು. ಅವರು ಅವಳ ಓಟ ನೋಡಿದ್ದು ಅದೇ ಮೊದಲು. ಕಾರು ತಿರುವಿನಲ್ಲಿ ಅಡ್ಡಡ್ಡ ಜಾರಿದಾಗೆಲ್ಲ ನನ್ನ ತೋಳು ಹಿಡಿಯುತ್ತಿದ್ದರು. ತಂಗಿ ಮೂರನೆಯವಳಾಗಿ ಬಂದಳು. ನಾನು ಕಿರುಚಿದೆ, ಕುಣಿದೆ. ಅಪ್ಪ ಮಾತ್ರ ಟ್ರ್ಯಾಕಿನ ಪಕ್ಕ ಕಟ್ಟಿದ್ದ ಹಗ್ಗ ಹಿಡಿದು ನಿಂತೇ ಇದ್ದರು.

ಅವಳು ಹೆಲ್ಮೆಟ್ ತೆಗೆದು ಅವರ ಮುಂದೆ ಬಂದಳು. "ಅಪ್ಪ, ಕಡೇಲಿ ಬರ್ಲಿಲ್ಲ. ಕಾರು ಮಾರ್ಬೇಕಾ?"

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಮುಖದ ಧೂಳನ್ನು ಒರೆಸತೊಡಗಿದರು. ಅವರ ಕೈ ನಡುಗುತ್ತಿತ್ತು. ಅವರಿಗೆ ಅವಳು ಕೊನೆಯವಳಾಗಿ ಬಂದದ್ದರಿಂದ ಬೇಸರವಾಗಿತ್ತು ಎಂದೇ ನಾವಿಬ್ಬರೂ ಅಲ್ಲಿಯವರೆಗೆ ತಿಳಿದಿದ್ದೆವು.

"ನಡುಗೋದು ನಂಗಿರ್ಲಿ ಕಣಮ್ಮಿ," ಎಂದರು. "ನೀನು ಓಡ್ಸು."