ಡ್ರಮ್ಮಿಗೊಂದು ಮನೆ

ನಮ್ಮ ಸೌಂಡ್ ಎಂಜಿನಿಯರ್ ಕುಕ್ ಟೌನಿನ ಹಳೇ ಬಂಗಲೆಯೊಂದರ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ನನ್ನ ಹಾಡಿಗೆಂದು ನಾನು ಕಂಪ್ಯೂಟರಿನಲ್ಲಿ ಜೋಡಿಸಿ ತಂದ ಡ್ರಮ್ ಸದ್ದು ಕೇಳಿದೊಡನೆ ಮೂಗು ಮುರಿಯುತ್ತಿದ್ದರು. “ಪಾಪ, ಬೀದೀಲಿ ನಿಂತಿದೆ ಗುರು. ಇದಕ್ಕೊಂದು ಮನೆ ಕೊಡೋಣ,” ಎನ್ನುತ್ತಾ, ಕಣ್ಣು ಮುಚ್ಚಿಕೊಂಡು ಕೋಣೆಯೊಳಗೆ ಬಾರಿಸಿದಂತೆ ಕೇಳಲೆಂದು ಚೂರುಚೂರೇ ಪ್ರತಿಧ್ವನಿ ಬೆರೆಸುತ್ತಿದ್ದರು.

ಬಂಗಲೆ ಮಾರಾಟವಾಗಿ ಸಾಮಾನೆಲ್ಲ ಲಾರಿಗೇರಿದ ದಿನ, ಅವರು ರೆಕಾರ್ಡ್ ಮಾಡಲು ಮೈಕ್ ಹಿಡಿದು ಖಾಲಿ ಹಾಲ್‌ನ ನಡುವೆ ನಿಂತರು. ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಅದರ ಪ್ರತಿಧ್ವನಿ ಅಡಗುವವರೆಗೂ ಉಸಿರು ಬಿಗಿಹಿಡಿದರು.

“ಏನಪ್ಪಾ ಮಾಡ್ತಿದೀಯ?” ಮನೆಯೊಡತಿ ಕೇಳಿದರು.

“ಮನೆ ಪ್ಯಾಕ್ ಮಾಡ್ತಿದೀನಿ ಆಂಟಿ.”

ಆ ಪ್ರತಿಧ್ವನಿಯನ್ನೇ ಕಂಪ್ಯೂಟರಿಗಿಳಿಸಿ, ನನ್ನ ಹಾಡಿನ ಡ್ರಮ್ಮನ್ನು ಆ ಹಾಲ್‌ನಲ್ಲೇ ಬಾರಿಸಿದಂತೆ ಮಾಡಿದರು. ಸಿಡಿ ಹಿಡಿದು ಬಾಣಸವಾಡಿಯಲ್ಲಿದ್ದ ಆಂಟಿಯ ಹೊಸ ಫ್ಲಾಟಿಗೆ ಹೋದೆವು. ಹಾಡು ಮುಗಿದರೂ ಆಕೆ ಗೋಡೆ ನೋಡುತ್ತಾ ಕೂತಿದ್ದರು.

“ಇನ್ನೊಂದ್ಸಲ ಹಾಕಪ್ಪಾ,” ಅಂದರು. “ಹಾಡು ಬೇಡ. ಡ್ರಮ್ ಮಾತ್ರ.”