ಅಪ್ಪನ ಹ್ಯಾಮ್ ರೇಡಿಯೊಗೆ ಹೊಸ ಬೋರ್ಡ್

ಇವತ್ತು ಅಪ್ಪನ ಹಳೆಯ ಹ್ಯಾಮ್ ರೇಡಿಯೊಗೆ ಹೊಸ ಸರ್ಕ್ಯೂಟ್ ಬೋರ್ಡ್ ಕೂರಿಸಿ ವೈರುಗಳಿಗೆ ಬೆಸುಗೆ ಹಾಕುತ್ತಿದ್ದೆ. ಕರಗಿದ ಸೀಸದ ಹೊಗೆ ಮೂಗಿಗೆ ಬಂದದ್ದೇ, ಅಪ್ಪ ಹೀಗೇ ಬೆಸುಗೆ ಹಾಕುತ್ತ ಕೂರುತ್ತಿದ್ದ ಮಧುಗಿರಿಯ ನಮ್ಮ ನಡುಮನೆ ನೆನಪಾಯಿತು.

ಅಪ್ಪ ಬೆಳಿಗ್ಗೆ ಸ್ನಾನ ಮುಗಿಸಿ, ಹೆಗಲ ಮೇಲೆ ಒದ್ದೆ ಟವೆಲ್ ಇರುವಾಗಲೇ ಮೈಕ್ ಹಿಡಿದು ಪಾವಗಡದ ಗೆಳೆಯ ರಾಮಪ್ಪನವರನ್ನು ಕರೆಯುತ್ತಿದ್ದರು. ಕಡಲೆಕಾಯಿ, ಮೊಣಕಾಲು ನೋವು, ಸೊಸೆಯ ಬಾಣಂತನ, ಎಲ್ಲವೂ ಆ ಗರಗರ ಸದ್ದಿನ ನಡುವೆಯೇ. ಅವರಿಬ್ಬರೂ ಎದುರುಬದುರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ.

ರಾಮಪ್ಪ ತೀರಿಕೊಂಡ ಸುದ್ದಿ ಬಂದ ಮರುದಿನವೂ ಅಪ್ಪ ಕರೆದರು. ಅಮ್ಮ ಅಡುಗೆಮನೆಯಿಂದ ಬಂದು, "ಅವ್ರು ಇಲ್ಲ ಅಂತ ನೆನ್ನೆನೇ ಗೊತ್ತಾಯ್ತಲ್ಲ, ಬುಡಿ ಅತ್ಲಾಗೆ" ಎಂದಳು.

"ಸೆಟ್ಟು ಕೆಟ್ಟೋಗೈತೆ ಕಣೇ."

ಚೆನ್ನಾಗಿಯೇ ಇದ್ದ ರೇಡಿಯೊ ಬಿಚ್ಚಿ, ಅಪ್ಪ ಒಳಗಿನ ಬೋರ್ಡನ್ನು ಕಿತ್ತು ಹಿತ್ತಲಿಗೆ ಎಸೆದರು. ಆಮೇಲೆ ತಿಂಡಿಗೆ ಕೂತರು. ಅಳಲಿಲ್ಲ. ರೇಡಿಯೊವನ್ನು ಮತ್ತೆಂದೂ ಮುಟ್ಟಲಿಲ್ಲ.

ಹೋದ ತಿಂಗಳು ಅಪ್ಪನೂ ಹೋದರು. ಅವರ ಸಾಮಾನಿನಲ್ಲಿ ಇದೊಂದನ್ನು ನಾನು ತಂದುಕೊಂಡೆ.

ಬೆಸುಗೆ ಮುಗಿಸಿ ಸ್ವಿಚ್ ಹಾಕಿದೆ. ಯಾರೋ ಯಾರನ್ನೋ ಕರೆಯುತ್ತಿದ್ದರು. ಸಂತೋಷವಾಗಬೇಕಿತ್ತು, ಏನೂ ಆಗಲಿಲ್ಲ. ಮಗಳು ಮೈಕನ್ನು ನನ್ನ ಕೈಗಿಟ್ಟು, "ಯಾರನ್ನ ಕರೀತೀಯಮ್ಮ?" ಎಂದಳು.

ಒಂದು ಹೆಸರೂ ಬಾಯಿಗೆ ಬರಲಿಲ್ಲ.