ಸುರಗಿಯ ಫೋಟೊ

ಚಿಂತೆ ಮಾಡುವುದರಲ್ಲಿ ನಾನು ಪಳಗಿದವನು. ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ವಾಪಸು ಬಂದದ್ದಿದೆ. ಕೀಲಿ ಹಾಕಿದ್ದು ಕಂಡ ಮೇಲೆ, ಒಳಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅದನ್ನೇ ತೆಗೆದದ್ದೂ ಇದೆ. ಮಗಳ ಮದುವೆ ಗೊತ್ತಾದಾಗ ನಾನು ಅಡುಗೆಯವರ ಬಗ್ಗೆ, ಮುಂಡರಗಿಯ ಮಂಟಪದ ಬಗ್ಗೆ ತಲೆ ತಿನ್ನುತ್ತೇನೆಂದು ಮನೆಯವರು ಕಾದಿದ್ದರು. ಅವೆರಡೂ ಸುಸೂತ್ರ ಆದವು. ನನ್ನ ನಿದ್ದೆ ಕೆಡಿಸಿದ್ದು ಫೋಟೊ ತೆಗೆಯುವವನ ವಿಷಯ.

ಕಾರಣವಿತ್ತು. ಹಿಂದಿನ ವರ್ಷ ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ಮಗಳ ಮದುವೆಯಾಯಿತು. ನಮ್ಮಲ್ಲಿ ಅಕ್ಷತೆಗೆ ಮೊದಲು ಸುರಗಿ ಇರುತ್ತದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವಕ್ಕೆ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ, ಹಾಡು ಹೇಳುತ್ತ ಅರಿಷಿಣ ಹಚ್ಚಿ ನೀರು ಹಾಕುತ್ತಾರೆ. ತೊಯ್ದ ಸೀರೆ, ಬಿಚ್ಚಿದ ಕೂದಲು, ಎಲ್ಲ ಮನೆಯ ಹೆಂಗಸರ ನಡುವೆಯೇ. ಆ ಫೋಟೊದವನು ಅದನ್ನೂ ತೆಗೆದ, ಹಿಂದೊಂದು ಹಾಡು ಹಚ್ಚಿದ, ತನ್ನ ಸ್ಟುಡಿಯೊದ ಪ್ರಚಾರಕ್ಕೆಂದು ಮೊಬೈಲಿನಲ್ಲಿ ಹರಿಯಬಿಟ್ಟ. ಮೊದಲ ಪಂಕ್ತಿ ಊಟ ಮಾಡಿ ಏಳುವಷ್ಟರಲ್ಲಿ ಅರ್ಧ ಊರು ನೋಡಿತ್ತು. ಆ ಹುಡುಗಿ ಮೂರು ತಿಂಗಳು ತವರಿನ ಕಡೆ ತಲೆ ಹಾಕಲಿಲ್ಲ. ಅವನನ್ನು ಹುಡುಕಿ ಕೊಟ್ಟವನು ನಾನೇ. ‘ಭಾಳ ಛಲೋ ತೆಗೀತಾನ’ ಎಂದು ಶಿಫಾರಸು ಬೇರೆ ಮಾಡಿದ್ದೆ.

ಮಗಳು ಇದನ್ನು ಮರೆತಿರಲಿಲ್ಲ. ನನ್ನ ಅವ್ವನನ್ನು ಆಕೆ ಆಯಿ ಎಂದು ಕರೆಯುತ್ತಾಳೆ. ಸುರಗಿಯ ಹಾಡು ಪೂರ್ತಿ ಬರುವುದು ಈಗ ನಮ್ಮ ಮನೆಯಲ್ಲಿ ಅವ್ವನೊಬ್ಬಳಿಗೇ.

“ಆಯಿ ನನಗ ಅರಿಷಿಣ ಹಚ್ಚೂದು ಫೋಟೊದಾಗ ಬೇಕಪ್ಪಾ,” ಅಂದಳು ಮಗಳು. “ಖರೆ ಅದು ಯಾರ ಮೊಬೈಲಿನ್ಯಾಗೂ ಬರಬಾರದು.”

“ಬಂತಂದ್ರ?”

“ಬಂತಂದ್ರ ನಾನೂ ಲಕ್ಷ್ಮೇಶ್ವರದ ಅಕ್ಕನಂಗ. ಈ ಮನಿ ಹೊಸ್ತಿಲ ತುಳಿಯಂಗಿಲ್ಲ.”

ನಗುತ್ತಲೇ ಹೇಳಿದಳು. ನನಗೆ ಅಂದಿನಿಂದ ಮಜ್ಜಿಗೆಯೂ ಜೀರ್ಣವಾಗಲಿಲ್ಲ.

ಮೊದಲು ಗದಗದ ಒಂದು ಸ್ಟುಡಿಯೊಗೆ ಹೋದೆ. ಗೋಡೆ ತುಂಬ ಟಿವಿ. ಅದರಲ್ಲಿ ಯಾರದೋ ಮಗಳು ಸುರಗಿಯ ನೀರಿನಲ್ಲಿ ನಿಧಾನಕ್ಕೆ, ಬಹಳ ನಿಧಾನಕ್ಕೆ, ತಲೆ ಕೊಡವುತ್ತಿದ್ದಳು. ಇದನ್ನು ಹಾಕಲು ಅವರ ಮನೆಯವರನ್ನು ಕೇಳಿದ್ದೀರಾ ಎಂದೆ. ಅವರಿಗೆ ಖುಷಿನೇ ಆಗಿರುತ್ತದೆ ಎಂದು ಮಾಲೀಕ ಚಹಾ ತರಿಸಿದ. ಚಹಾ ಕುಡಿದು ಎದ್ದು ಬಂದೆ. ಲಕ್ಷ್ಮೇಶ್ವರದ ಕಡೆ ಹೋಗುವ ಮುಖವಿರಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಶಿರಹಟ್ಟಿಗೆ ಹೋದೆ.

ಅಲ್ಲಿಯ ಸ್ಟುಡಿಯೊದಾತ ನನ್ನಷ್ಟೇ ವಯಸ್ಸಿನವ. ಗೋಡೆಯ ಮೇಲೆ ಒಂದು ಎತ್ತಿನ ಫೋಟೊ, ಒಂದು ಕ್ಯಾಲೆಂಡರು, ಅಷ್ಟೆ. ಹಳೆಯ ಮದುವೆಯ ಆಲ್ಬಮ್ ತೋರಿಸಿರಿ, ಕೆಲಸ ಹೇಗಿದೆ ನೋಡುತ್ತೇನೆ ಎಂದೆ.

“ಮಂದಿ ಮನಿ ಮದುವಿ ನಿಮಗ್ಯಾಕ್ರಿ?” ಅಂದ ಆತ. “ಬೇಕಾರ ಎತ್ತು ನೋಡ್ರಿ. ಅದು ನಮ್ಮದ.”

ನನಗೆ ಸಿಟ್ಟು ಬಂತು. ಆದರೂ ಪರೀಕ್ಷೆಗೆಂದು ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಸಿಕೊಂಡೆ. ಅದರಲ್ಲಿ ನಾನು ಏನೋ ಕಳೆದುಕೊಂಡು ಠಾಣೆಗೆ ದೂರು ಕೊಡಲು ಬಂದವನಂತೆ ಇದ್ದೆ. ಅಂದರೆ ಇದ್ದಂತೆಯೇ ಬಂದಿದ್ದೆ. ಇದು ಅವನ ಪರ ಸಾಕ್ಷಿಯೋ ವಿರುದ್ಧವೋ ತಿಳಿಯದೆ ಬೆಟಗೇರಿಯ ಮನೆಗೆ ಮರಳಿ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

“ಮಂದೀದು ನಿಮಗ ತೋರಸ್ಲಿಲ್ಲ. ಹಂಗಾರ ನಮ್ಮದು ಮಂದಿಗೆ ತೋರಸ್ತಾನೇನು? ನಾಳಿಗೇ ಹೋಗಿ ಹೇಳಿ ಬರ್ರಿ.”

ಹೇಳಿ ಬಂದೆ. ಬಂದ ಮೇಲೆ ಹೊಸ ಚಿಂತೆ ಹುಟ್ಟಿತು. ಆತ ತೋರಿಸದೆ ಇದ್ದದ್ದು ಮರ್ಯಾದೆಗಲ್ಲ, ತೋರಿಸುವಂಥದ್ದೇನೂ ಇಲ್ಲವೆಂದು ಇದ್ದರೆ?

ಮದುವೆಯ ದಿನ ಬೆಳಗ್ಗೆ ಮಂಟಪದ ಹಿತ್ತಲಲ್ಲಿ ಸೀರೆಗಳನ್ನು ಮರೆ ಕಟ್ಟಿ ಸುರಗಿಗೆ ಅಣಿ ಮಾಡಿದ್ದರು. ಶಿರಹಟ್ಟಿಯಾತ ಬಂದ, ಜೊತೆಗೆ ಅವನ ಹೆಂಡತಿಯೂ ಬಂದಳು. ಕ್ಯಾಮೆರಾ ಆಕೆಯ ಕೊರಳಿಗೆ ಹಾಕಿ ಒಳಗೆ ಕಳಿಸಿ, ತಾನು ಹೊರಗೆ ಕುರ್ಚಿ ಎಳೆದು ಕುಳಿತ. ಸುರಗಿ ಯಾವಾಗಲೂ ಆಕೆಯೇ ತೆಗೆಯುವುದಂತೆ, ತಾನು ಮರೆ ದಾಟುವುದಿಲ್ಲವಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲ ಎಂದ.

ಒಳಗೆ ಅವ್ವನ ಹಾಡು ಶುರುವಾಯಿತು. ನಾನು ಮರೆಯ ಹೊರಗೆ ನಿಂತು ಫ್ಲ್ಯಾಶ್ ಹೊಳೆಯುವುದನ್ನು ಕಾದೆ. ಹೊಳೆಯಲಿಲ್ಲ. ಎರಡನೇ ನುಡಿ ಮುಗಿಯಿತು, ಮೂರನೆಯದು ಬಂತು, ಬೆಳಕಿಲ್ಲ. ಆಕೆಗೆ ಕ್ಯಾಮೆರಾ ಚಾಲೂ ಮಾಡಲು ಬರುತ್ತದೋ ಇಲ್ಲವೋ! ಅವ್ವ ಇನ್ನೊಮ್ಮೆ ಅರಿಷಿಣ ಹಚ್ಚುವುದಿಲ್ಲ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಎರಡು ಸೀರೆಗಳ ಸಂದಿನಲ್ಲಿ ಮೊಬೈಲು ಇಟ್ಟು ಒಂದು ಫೋಟೊ ತೆಗೆದೆ: ಮಗಳ ತೊಯ್ದ ಮುಖ, ಅದರ ಮೇಲೆ ಅವ್ವನ ಹಳದಿ ಕೈ. ನನ್ನ ಮೊಬೈಲು ಆಗಾಗ ತಾನೇ ಆರುತ್ತದೆ. ಆದ್ದರಿಂದ ಹೆಂಡತಿಯ ನಂಬರಿಗೂ ಕಳಿಸಿಡೋಣ ಎಂದುಕೊಂಡೆ. ಪಟ್ಟಿಯಲ್ಲಿ ಆಕೆಯ ಹೆಸರೇ ಮೇಲಿತ್ತು. ನಾನು ಒತ್ತುವ ಗಳಿಗೆಗೆ ಯಳವತ್ತಿಯ ಮಾವ ಮಂಟಪದ ದಾರಿ ಕೇಳಿ ನಮ್ಮ ಬೀಗರು-ಬಳಗದ ವಾಟ್ಸಾಪ್ ಗುಂಪಿಗೆ ಧ್ವನಿ ಸಂದೇಶ ಹಾಕಿದ. ಗುಂಪು ಹಾರಿ ಮೇಲೆ ಬಂತು. ಫೋಟೊ ಅದರೊಳಗೆ ಹೋಯಿತು.

ನೂರಕ್ಕೂ ಮಿಕ್ಕಿ ಮಂದಿ ಇರುವ ಗುಂಪು. ಅಳಿಸುವುದು ಎಲ್ಲಿದೆಯೆಂದೇ ಕಾಣಲಿಲ್ಲ. ಮೊಬೈಲನ್ನು ಕುರ್ಚಿಯಲ್ಲಿದ್ದಾತನ ಮುಂದೆ ಹಿಡಿದೆ. ಆತ ನೋಡಿದ, ಮುಖ ಅರ್ಧ ತಿರುಗಿಸಿಕೊಂಡು, ಫೋಟೊದ ಮೇಲೆ ಬೆರಳು ಒತ್ತಿ ಹಿಡಿದು, ಎಲ್ಲರ ಕಡೆಯಿಂದ ಅಳಿಸಿದ. ಅಳಿಸುವ ಮೊದಲು ಯಾರು ಯಾರು ನೋಡಿದ್ದಾರೆ ಎಂಬುದನ್ನೂ ಪರೀಕ್ಷಿಸಿದ್ದ.

“ಇಬ್ಬರು ನೋಡ್ಯಾರ್ರಿ. ಒಬ್ರು ಯಳವತ್ತಿಯವರು. ಇನ್ನೊಂದು ನಿಮ್ಮ ಮಗಳ ನಂಬರ.”

ಮಾವನಿಗೆ ಚಾಳೀಸಿಲ್ಲದೆ ಆನೆಯೂ ಕಾಣುವುದಿಲ್ಲ. ಆದರೆ ಮಗಳು ಸುರಗಿಯಲ್ಲಿದ್ದಳು. ಅವಳ ಮೊಬೈಲು ಯಾರ ಕೈಯಲ್ಲಿ? ಮರೆ ಸರಿಯಿತು. ಹೊರಗೆ ಬಂದವಳು ಲಕ್ಷ್ಮೇಶ್ವರದ ಆ ನನ್ನ ತಂಗಿಯ ಮಗಳು. ಕೈಯಲ್ಲಿ ಮಗಳ ಮೊಬೈಲಿತ್ತು. ಆಕೆ ನನ್ನನ್ನು ನೋಡಿದ ರೀತಿಯನ್ನು ಯಾವ ಕ್ಯಾಮೆರಾದಲ್ಲೂ ಹಿಡಿಯುವುದು ಬೇಡ.

“ಮಾಮಾ,” ಅಂದಳು ಮೆಲ್ಲಗೆ, “ನೀವ ಹೇಳ್ತೀರೋ, ನಾ ಹೇಳ್ಲೋ?”

ಅಕ್ಷತೆಗೆ ಅರ್ಧ ತಾಸು ಇದ್ದಾಗ ನಾನೇ ಹೇಳಿದೆ. ಮಗಳು ಹೂವಿನ ದಂಡೆ ಕಟ್ಟಿಸಿಕೊಳ್ಳುತ್ತ ಕೇಳಿಸಿಕೊಂಡಳು. ಮತ್ತೆ ಕನ್ನಡಿಯ ಕಡೆ ತಿರುಗಿದಳು. ಅವಳು ಬೈದಿದ್ದರೆ ನಾನು ಸುಖವಾಗಿ ಅಕ್ಷತೆ ಹಾಕುತ್ತಿದ್ದೆ. ಗುಂಪಿನಲ್ಲಿ ‘ಸಂದೇಶ ಅಳಿಸಲಾಗಿದೆ’ ಎಂಬ ಸಾಲು ಹಾಗೇ ಉಳಿದಿತ್ತು. ಏನು ಅಳಿಸಿದಿ, ಮದುವೆಗಿದುವೆ ಮುಂದಕ್ಕೆ ಹೋಯಿತೇನು ಎಂದು ಊಟದ ತನಕ ಒಬ್ಬೊಬ್ಬರೇ ಕೇಳುತ್ತಿದ್ದರು.

ತಿಂಗಳಾದ ಮೇಲೆ ಫೋಟೊ ತಯಾರಾಗಿವೆ ಎಂದು ಶಿರಹಟ್ಟಿಯಿಂದ ಫೋನು ಬಂತು. ಹೋದೆ. ದೊಡ್ಡ ಆಲ್ಬಮ್ ಕೊಟ್ಟ, ಅದರಲ್ಲಿ ಸುರಗಿ ಇರಲಿಲ್ಲ. ಪುಟಗಳನ್ನು ಮತ್ತೊಮ್ಮೆ ತಿರುವಿದೆ. ಅವನ ಹೆಂಡತಿ ಒಳಗಿನಿಂದ ಗೋಂದು ಹಚ್ಚಿ ಮುಚ್ಚಿದ ಒಂದು ಲಕೋಟೆ ತಂದಳು. ಸುರಗಿಯವು ಇದರಲ್ಲಿವೆ, ಹಗಲು ಬೆಳಕಿತ್ತು, ಫ್ಲ್ಯಾಶ್ ಬೇಕಾಗಲಿಲ್ಲ ಎಂದಳು. ನಾನು ಕೈ ಚಾಚಿದೆ. ಆತ ಅದನ್ನು ತೆಗೆದು ಮೇಜಿನ ಖಾನೆಗೆ ಹಾಕಿದ.

“ಇದು ನಿಮ್ಮ ಕೈಯಾಗಲ್ರಿ. ಮಗಳನ್ನ ಕಳಸ್ರಿ.”

ಮಗಳು ಬರುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು ಎಂದು ಆತನಿಗೆ ಹೇಗೆ ಹೇಳಲಿ? ಹೆಂಡತಿಯಿಂದ ಫೋನು ಮಾಡಿಸಿದೆ. ಎರಡು ವಾರದ ನಂತರ ಅವಳು ಬಂದಳು. ದಾರಿಯಲ್ಲಿ ಶಿರಹಟ್ಟಿಗಿಳಿದು ಲಕೋಟೆ ತಾನೇ ತೆಗೆದುಕೊಂಡಿದ್ದಳು. ಬಂದವಳೇ ಅವ್ವನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಪಡಸಾಲೆಯಲ್ಲಿ ಕುಳಿತ ನನಗೆ ಲಕೋಟೆ ಹರಿದ ಸದ್ದು ಕೇಳಿತು. ಆಮೇಲೆ ಅವ್ವ ಅದೇ ಹಾಡಿನ ಒಂದು ಸಾಲು ಗುನುಗಿದಳು.

“ಅಪ್ಪಾ,” ಮಗಳು ಒಳಗಿನಿಂದ ಕರೆದಳು. “ಬಾ, ನೋಡು. ಮೊಬೈಲ್ ಅಲ್ಲೇ ಇಟ್ಟ ಬಾ.”

ಮೊಬೈಲನ್ನು ಕಪಾಟಿನಲ್ಲಿಟ್ಟೆ, ಕೀಲಿ ಹಾಕಿದೆ. ಅರ್ಧ ದಾರಿಯಿಂದ ತಿರುಗಿ ಹೋಗಿ, ಹಾಕಿದೆನೋ ಇಲ್ಲವೋ ನೋಡಿದೆ.